‘ಆದರೆ’ ಬಂದಲ್ಲಿ ಕತ್ತರಿ

ಟಿ.ವಿ. ಚಾನೆಲ್ಲಿನಲ್ಲಿ ಜನರ ಮಾತಿಗೆ ಕತ್ತರಿ ಹಾಕುವುದು ಅವನ ಕೆಲಸ. ಕಿಟಕಿಯಿಲ್ಲದ ಕೋಣೆ, ಎರಡು ಪರದೆ, ಸವೆದುಹೋದ ಹೆಡ್‌ಫೋನು. ಅಲ್ಲೇ ಕೂತು ಕೂತು ಮನುಷ್ಯನ ಬೆನ್ನು ಬಾಗಿತ್ತು. ವರದಿಗಾರರು ಬೀದಿಯಿಂದ ತಂದು ಸುರಿದದ್ದರಲ್ಲಿ ಇವನು ನಾಲ್ಕು ಮಾತು ಉಳಿಸಿಕೊಡಬೇಕು.

ಊರಿನ ದೊಡ್ಡ ಅಂಗಡಿಗಳೆಲ್ಲ ಒಬ್ಬನೇ ಸಾಹುಕಾರನವು. ಚಾನೆಲ್ಲಿಗೆ ಜಾಹೀರಾತು ಅವನದು, ಪುರಸಭೆಯ ಅರ್ಧ ಸದಸ್ಯರ ಚುನಾವಣೆ ಖರ್ಚೂ ಅವನದೇ. ಸಂಜೆಯ ಚರ್ಚೆಯಲ್ಲಿ ಅವನ ಪರ ಕೂಗಾಡುವವರು, ವಿರುದ್ಧ ಕೂಗಾಡುವವರು, ಇಬ್ಬರೂ ಅವನ ಕಾರಿನಲ್ಲೇ ಬಂದಿಳಿಯುತ್ತಿದ್ದರು. ಪುಣ್ಯಾತ್ಮ ಒಂದು ದಿನವೂ ಚಾನೆಲ್ಲಿನ ಹೊಸ್ತಿಲು ತುಳಿದವನಲ್ಲ, ಹೀಗೆ ಮಾಡಿ ಎಂದು ಬಾಯಿಬಿಟ್ಟು ಹೇಳಿದವನೂ ಅಲ್ಲ. ಹೇಳುವ ಗರಜೇ ಇರಲಿಲ್ಲ. ಸಾಹುಕಾರನ ವಿಷಯ ಮಾತಾಡುವವರು ಮೊದಲು ಹೊಗಳಿ, ಆಮೇಲೆ ‘ಆದರೆ’ ಎನ್ನುತ್ತಾರೆ. ಅಲ್ಲಿ ಕತ್ತರಿ ಹಾಕಿದರೆ ಯಾರಿಗೂ ತಲೆನೋವಿಲ್ಲ ಎಂಬುದನ್ನು ಇವನ ಕೈ ತಾನೇ ಕಲಿತಿತ್ತು.

ಆ ದಿನ ಪರದೆಯ ಮೇಲೆ ಬಂದವಳು ಇವನ ಸ್ವಂತ ಅಕ್ಕ. ಹಳೇ ಪೇಟೆ ಬೀದಿಯಲ್ಲಿ ಗುಂಡಿ, ದಾರ, ಸೂಜಿ ಮಾರಿ ತಮ್ಮನನ್ನು ಓದಿಸಿದವಳು. ಸಾಹುಕಾರನ ಹೊಸ ಅಂಗಡಿಯ ಪಾರ್ಕಿಂಗ್‌ಗಾಗಿ ಆ ಬೀದಿಯನ್ನು ಕೆಡವಬೇಕೋ ಬೇಡವೋ ಎಂದು ಮರುದಿನ ಪುರಸಭೆಯಲ್ಲಿ ಮತಕ್ಕೆ ಹಾಕುವುದಿತ್ತು.

“ದೊಡ್ಡ ಅಂಗಡಿ ಬರ್ಲಿ, ನಮ್ದೇನೂ ತಕರಾರಿಲ್ಲ,” ಅಂದಳು ಅಕ್ಕ, ಕನ್ನಡಕ ಸರಿಮಾಡಿಕೊಳ್ಳುತ್ತ. “ಆದ್ರೆ ನಮ್ಮ ಬೀದಿ ಕೆಡವಿ ಬರೋದು ಬೇಡ. ಈ ಅಂಗಡಿ ಹೋದ್ರೆ ನನ್ನ ಅನ್ನಕ್ಕೇ ಕಲ್ಲು ಬಿದ್ದ ಹಾಗೆ.”

ಕೈ ಅಭ್ಯಾಸಬಲದಿಂದ ‘ಆದ್ರೆ’ಗೆ ಮುಂಚೆಯೇ ಕತ್ತರಿಸಿತು. ಅವನಿಗೆ ನಾಚಿಕೆಯಾಗಿ ವಾಪಸು ಜೋಡಿಸಿದ. ಯಾರಾದರೂ ಬಂದು ತೆಗೀರಿ ಎಂದು ಗದರಿಸಿದ್ದರೆ ಜಗಳಕ್ಕೇ ನಿಂತುಬಿಡುತ್ತಿದ್ದನೇನೋ. ಯಾರೂ ಬರಲಿಲ್ಲ. ವಾರ್ತೆಯ ಹೊತ್ತಾಯಿತು. ನಾಳೆ ಮೇಲಿನವರು ಕೇಳಿದರೆ ಏನು ಹೇಳಲಿ, ಯಾಕೆ ಬೇಕು ಈ ರಗಳೆ ಎನ್ನಿಸಿ, ಸುಸ್ತಾದ ಮನುಷ್ಯ ಮತ್ತೆ ಅಲ್ಲಿಗೇ ಕತ್ತರಿಸಿ ಕಳಿಸಿದ.

ಪುರಸಭೆಯಲ್ಲಿ ಸದಸ್ಯನೊಬ್ಬ ಎದ್ದು ನಿಂತು, “ಬೀದಿಯವರೇ ತಕರಾರಿಲ್ಲ ಅಂತ ಟೀವೀಲಿ ಹೇಳಿದ್ಮೇಲೆ ನಮ್ದೇನ್ರೀ?” ಎಂದ. ಕೈಗಳು ಮೇಲೆದ್ದವು. ಬೀದಿ ಹೋಯಿತು.

ಸಂಜೆ ಅವನು ಅಕ್ಕನ ಅಂಗಡಿಗೆ ಹೋದ. ಅಕ್ಕಪಕ್ಕದ ಅಂಗಡಿಯವರು ಅವಳ ಜೊತೆ ಮಾತು ಬಿಟ್ಟಿದ್ದರು. ಒಬ್ಬಳೇ ಕೂತು ಸಾಮಾನು ಡಬ್ಬಿಗೆ ತುಂಬುತ್ತಿದ್ದಳು. ಬೈಸಿಕೊಳ್ಳಲು ಸಿದ್ಧನಾಗಿಯೇ ಬಂದಿದ್ದ ತಮ್ಮ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಯಾವನೋ ಮನೆಹಾಳ ನನ್ನ ಮಾತು ಅರ್ಧಕ್ಕೇ ಕತ್ತರಿಸಿಬಿಟ್ಟ ಕಣೋ,” ಅಂದಳು. “ನೀನು ಡ್ಯೂಟೀಲಿ ಇದ್ದಿದ್ರೆ ಹೀಗಾಗೋಕೆ ಬಿಡ್ತಿದ್ಯಾ?”

ಅವನು ಬಗ್ಗಿ, ನೆಲದ ಮೇಲೆ ಬಿದ್ದಿದ್ದ ದಾರದ ಉಂಡೆಯೊಂದನ್ನು ಎತ್ತಿ ಡಬ್ಬಿಗೆ ಹಾಕಿದ.

“ನಿನ್ನೆ ನಂಗೆ ರಜ ಇತ್ತಕ್ಕ,” ಎಂದ.