ಪೌರತ್ವಕ್ಕೆ ಅರ್ಜಿ ಹಾಕಿದ ಕ್ಷೌರಿಕ
ಹೆಂಡತಿಯ ದೇಶಕ್ಕೆ ಬಂದು ನೆಲೆಸಿ, ಇಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಿದ ಮೇಲೆ ನಮ್ಮ ಬೀದಿಯ ಕ್ಷೌರಿಕನಿಗೆ ತಲೆಬುಡ ತಿಳಿಯದಂತಾಯಿತು. ಮದುವೆ ನಿಜವೋ ನಾಟಕವೋ ಎಂದು ಅಧಿಕಾರಿಗಳು ಕೆದಕಿ ಕೇಳುತ್ತಾರೆಂದು ಯಾರೋ ಹೆದರಿಸಿದ್ದೇ ತಡ, ಆತ ಹೆಂಡತಿಯನ್ನು ಪರೀಕ್ಷೆಗೆ ಓದುವವನಂತೆ ಓದತೊಡಗಿದ. ಅವಳು ಯಾವ ಮಗ್ಗುಲಿಗೆ ಮಲಗುತ್ತಾಳೆ, ಚಹಾಕ್ಕೆ ಎಷ್ಟು ಸಕ್ಕರೆ ಹಾಕಿಕೊಳ್ಳುತ್ತಾಳೆ ಎಂದು ಬಾಯಿಪಾಠ ಮಾಡುವ ಭರದಲ್ಲಿ ಗಿರಾಕಿಯೊಬ್ಬರ ಅರ್ಧ ಮೀಸೆಯನ್ನೇ ಬೋಳಿಸಿಬಿಟ್ಟ. “ರೀ, ಹೀಗೆ ದುರುಗುಟ್ಟಿ ನೋಡ್ಬೇಡಿ, ತುತ್ತು ಗಂಟಲಲ್ಲಿ ಇಳಿಯಲ್ಲ” ಎಂದು ಅವಳು ಗದರಿದರೆ, “ಎಡದವಡೇಲೇ ಅಗೀತೀಯ, ಅಲ್ವಾ?” ಎನ್ನುತ್ತಿದ್ದ. ಸಂದರ್ಶನದ ದಿನ ಅಧಿಕಾರಿ ಮೇಡಂ ಇದೊಂದನ್ನೂ ಕೇಳಲಿಲ್ಲ. “ಹಳೇ ಪೌರತ್ವ ಬಿಡಬೇಕಾಗುತ್ತೆ, ಒಪ್ಪಿಗೇನಾ?” ಎಂದಷ್ಟೇ ಕೇಳಿದರು. ಆತ ಕಕ್ಕಾಬಿಕ್ಕಿಯಾಗಿ ಹೆಂಡತಿಯತ್ತ ತಿರುಗಿ, “ಹಾಗಾದ್ರೆ ಊರಲ್ಲಿರೋ ಅಮ್ಮನ್ನ ನೋಡೋಕೂ ನಾನು ವೀಸಾ ತಗೋಬೇಕಾ?” ಎಂದ. “ಇಷ್ಟು ವರ್ಷ ಅತ್ತೇನ ನೋಡೋಕೆ ವೀಸಾ ಸಾಲಲ್ಲಿ ನಾನೊಬ್ಬಳೇ ನಿಲ್ತಿದ್ದೆ. ಇನ್ಮೇಲೆ ನೀವೂ ಜೊತೆಗೆ ನಿಂತ್ಕೊಳ್ಳಿ” ಎಂದು ಅವಳು ಅವನ ಕೈ ಹಿಡಿದಳು. ಮೇಡಂ ಪೆನ್ನು ಚಾಚಿದರು. ಆತ ಅದನ್ನು ತೆಗೆದುಕೊಂಡು, “ಅಮ್ಮನಿಗೆ ಒಂದು ಮಾತು ಹೇಳಿ ಸಹಿ ಹಾಕ್ಲಾ?” ಎಂದು ಕೇಳಿ, ಅವರು ತಲೆಯಾಡಿಸುವ ಮೊದಲೇ ಫೋನು ಕಿವಿಗಿಟ್ಟುಕೊಂಡ.