ಗುರಣ್ಣನ ಆಪರೇಶನ್

ಹೊಟ್ಟೆ ಕೊಯ್ದರೂ ಆಪರೇಶನ್, ಬೆನ್ನಿನ ಗಡ್ಡೆ ತೆಗೆದರೂ ಆಪರೇಶನ್ ಎಂದು ಹಳ್ಳಿಗಳಿಗೆ ಆ ಇಂಗ್ಲಿಷ್ ಮಾತು ಕಲಿಸಿದವನು ಸರಕಾರಿ ದವಾಖಾನೆಯ ಕಂಪೌಂಡರ್ ಗುರಣ್ಣ. ಎಪ್ಪತ್ತಾರರ ತುರ್ತು ಪರಿಸ್ಥಿತಿಯಲ್ಲಿ ಮಾತ್ರ ಆ ಮಾತಿಗೆ ಒಂದೇ ಅರ್ಥ ಉಳಿಯಿತು: ಮಕ್ಕಳಾಗದಂತೆ ಮಾಡುವುದು. ಗಂಡಸರನ್ನು ಕರೆತರದಿದ್ದರೆ ಪಗಾರವಿಲ್ಲ ಎಂದು ಮೇಲಿನವರು ಗುಡುಗಿದ್ದರು. ಗುರಣ್ಣ ಕೆಟ್ಟವನೇನಲ್ಲ, ಹೆದರಿದ್ದ, ಅಷ್ಟೇ.

ಆಗಲೇ ಗೊಳಸಂಗಿಯ ಕುರಿಗಾರ ಅಮಸಿದ್ದ ಹರ್ನಿಯಾ ನೋವು ತಾಳಲಾರದೆ ಅವನ ಬಳಿ ಬಂದ. ಹೊಸದಾಗಿ ಲಗ್ನವಾದ ಹುಡುಗ.

"ಸಣ್ಣ ಆಪರೇಶನ್ ಐತೋ, ಹೆಬ್ಬಟ್ಟು ಒತ್ತು," ಎಂದ ಗುರಣ್ಣ.

ಹರ್ನಿಯಾದ ಜೊತೆಗೆ ಆ ಇನ್ನೊಂದನ್ನೂ ಮಾಡಿ ಕಳಿಸಿದರು. ಗುರಣ್ಣ ಬಾಯಿ ಬಿಡಲಿಲ್ಲ. ಮಕ್ಕಳಾಗಲಿಲ್ಲವೆಂದು ಬೇರೆ ಡಾಕ್ಟರಲ್ಲಿಗೆ ಹೋದಾಗಲೇ ಅಮಸಿದ್ದನ ಮನೆಯವರಿಗೆ ಗೊತ್ತಾದದ್ದು.

ಎಪ್ಪತ್ತೊಂಬತ್ತರಲ್ಲಿ ಬಾಗೇವಾಡಿಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಅಮಸಿದ್ದನ ತಾಯಿ ಶೇವಂತೆವ್ವನ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ಗುರಣ್ಣನ ಕಿವಿಗೆ ಬಿತ್ತು. ಇಷ್ಟಾದರೂ ಮಾಡೋಣವೆಂದು ಅವಳ ಮನೆಗೆ ತಾನೇ ಹೋಗಿ ಕಟ್ಟೆಯ ಮೇಲೆ ಕುಳಿತ.

"ಯವ್ವಾ, ನನ್ನ ಕೂಡ ಬಾ. ಕಣ್ಣಿನ ಆಪರೇಶನ್ ಮಾಡಿಸ್ತೇನಿ, ಎಲ್ಲಾ ಕಾಣ್ತೈತಿ."

ದನಿಯಿಂದಲೇ ಮುದುಕಿ ಅವನ ಗುರುತು ಹಿಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಸೊಸೆ ತಂದಿಟ್ಟ ಚಹಾದ ಬಟ್ಟಲನ್ನು ತಡವರಿಸುತ್ತ ಅವನ ಕಡೆಗೆ ಸರಿಸಿದಳು.

"ಮೊಮ್ಮಗನ ಮಾರಿ ನೋಡಾಕ ಕಣ್ಣ ಬೇಕಾಗಿದ್ದುವಪ್ಪಾ," ಎಂದಳು. "ಈಗ ಏನ್ ನೋಡ್ಲಿ? ಚಾ ಕುಡಿ, ಆರ್ತೈತಿ."