ಬೈರಮ್ಮ ಗಂಗಮ್ಮನಿಗೆ ಕೊಟ್ಟ ಮೀನು

ನಮ್ಮತ್ತೆ ಬೈರಮ್ಮನಿಗೆ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವುದೆಂದರೆ ಮೈಯೆಲ್ಲ ಉರಿ. "ಮೀನು ಕೆರೇಲಿರ್ಬೇಕು, ಇಲ್ಲ ಸಾರಲ್ಲಿರ್ಬೇಕು" ಎಂದು ಮಗನನ್ನು ದಿನಾ ಬೈಯುತ್ತಿದ್ದರು. ಮಗ ಎಂದರೆ ನನ್ನ ಯಜಮಾನರು, ಭಾನುಪ್ರಕಾಶ್. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಮನೆಗೆ ಯಾರೇ ಬರಲಿ, ಕಾಫಿಗೆ ಮುಂಚೆ ತೊಟ್ಟಿಯ ಮುಂದೆ ನಿಲ್ಲಿಸಿ, "ಪಿರಾನ್ಹಾ ಗುರು! ಬೆರಳಿಟ್ರೆ ಮೂಳೆನೂ ಸಿಗಲ್ಲ" ಎಂದು ಕೋಳಿ ಚೂರು ಹಾಕಿ ತೋರಿಸಬೇಕು. ಅಂಗೈಯಗಲದ, ಹೊಟ್ಟೆ ಕೆಂಪಗಿನ ಮೀನುಗಳು. ಆ ಕೋಳಿ ತೊಳೆದು ಕತ್ತರಿಸಿ ಕೊಡುವ ಕರ್ಮ ಮಾತ್ರ ನನ್ನದು.

ಅತ್ತೆ ಹುಟ್ಟಿ ಬೆಳೆದದ್ದು, ಮದುವೆಯಾದದ್ದು ಎಲ್ಲ ನಮ್ಮ ಈ ಮಾಕಳಿಯಲ್ಲೇ. ರಾಗಿ ಹೊಲಗಳೆಲ್ಲ ಗೋಡೌನ್ ಆದರೂ ಅವರಿಗೆ ಕೆರೆಯ ನಂಟು ಬಿಡಲಿಲ್ಲ. ಕೆರೆ ತುಂಬಿದ ವರ್ಷ ಗಂಗಮ್ಮನಿಗೆ ಬಾಗಿನದ ಜೊತೆ ಒಂದು ಬಿಂದಿಗೆ ಮೀನುಮರಿ ಬಿಡುವುದು ಅವರ ತವರಿನ ಪದ್ಧತಿ. ಎಷ್ಟೋ ವರ್ಷ ಕೆರೆಯೇ ತುಂಬಿರಲಿಲ್ಲ. ಆ ವರ್ಷ ಕೋಡಿ ಬಿತ್ತು. ಗೌರಿ ಹಬ್ಬದ ಬೆಳಿಗ್ಗೆ ಅತ್ತೆ ಮೊರ, ಬಿಂದಿಗೆ ಹಿಡಿದು ಹೊರಟಾಗ ಬಿಂದಿಗೆಯಲ್ಲಿ ಏನಿದೆ ಎಂದು ನಾನು ಕೇಳಲೂ ಇಲ್ಲ.

ಸಂಜೆ ಇವರು ಬಂದು ನೋಡಿದರೆ ತೊಟ್ಟಿಯಲ್ಲಿ ಕಲ್ಲಿನ ಹಿಂದೆ ಅವಿತಿದ್ದ ಒಂದೇ ಒಂದು ಮೀನು.

"ಗಂಗಮ್ಮಂಗೆ ಕೊಟ್ಟೆ. ಅಲ್ಲಾದ್ರೂ ಸುಕವಾಗಿರ್ಲಿ ಬಿಡು" ಎಂದರು ಅತ್ತೆ.

"ಅಮ್ಮಾ, ಅವು ಮನುಷ್ಯರನ್ನ ತಿನ್ನೋ ಮೀನು ಕಣಮ್ಮಾ! ನಾಡಿದ್ದು ಗಣೇಶನ್ನ ಬಿಡೋಕೆ ಹುಡುಗ್ರೆಲ್ಲ ನೀರಿಗಿಳೀತಾರೆ!" ಇವರು ತಲೆ ಹಿಡಿದುಕೊಂಡು ಕೂತುಬಿಟ್ಟರು.

ಮರುದಿನ ಬೆಳಗಾಗುತ್ತಲೇ ಅತ್ತೆ ಕೋಲು ಹಿಡಿದು ಕೆರೆ ಏರಿಯ ಮೇಲೆ ಕೂತರು. ಎಮ್ಮೆ ತೊಳೆಯಲು ಬಂದವರನ್ನೂ ಬಟ್ಟೆ ಒಗೆಯಲು ಬಂದವರನ್ನೂ ಅಟ್ಟಿದರು. ಕಾರಣ ಮಾತ್ರ ಬಾಯಿಂದ ಬರಲೊಲ್ಲದು. ಬೈರಮ್ಮನ ಮೈಮೇಲೆ ಗಂಗಮ್ಮ ಬಂದಿದ್ದಾಳೆಂದು ಯಾರೋ ಹಣೆಗೆ ಕುಂಕುಮ ಇಟ್ಟು, ಎದುರಿಗೆ ಕಾಯಿ ಒಡೆದು ಹೋದರು. ನಗುವುದೋ ಅಳುವುದೋ! ಮಧ್ಯಾಹ್ನ ನಾನು ಕಡುಬು ಒಯ್ದರೆ ಮುಟ್ಟಲಿಲ್ಲ. ನನ್ನ ಕೈ ಹಿಡಿದುಕೊಂಡು, "ಯಾರ್ ಮಗೀಗೇನಾರ ಆದ್ರೆ ನಾನೆಂಗೆ ಬದುಕ್ಲಿ, ನಾಗೂ?" ಎಂದರು.

ಮನೆಗೆ ಬಂದವಳೇ ಇವರ ಫೋನ್ ಕಿತ್ತುಕೊಂಡು ಮೀನು ಮಾರಿದವನಿಗೆ ಕರೆ ಮಾಡಿ, ಅವು ನಿಜಕ್ಕೂ ಎಂಥ ಮೀನು ಎಂದು ಕೇಳಿದೆ. "ಒರಿಜಿನಲ್ ಪಿರಾನ್ಹಾ ಮೇಡಂ, ಗ್ಯಾರಂಟಿ" ಎಂದ.

"ನಿನ್ನ ಗ್ಯಾರಂಟಿಗೆ ಬೆಂಕಿ ಹಾಕ! ಅವು ಕೆರೆ ಸೇರಿವೆ. ನಾಳೆ ಯಾರಿಗಾದ್ರೂ ಕಚ್ಚಿದ್ರೆ ಪೊಲೀಸ್ರನ್ನ ನಿನ್ನ ಅಂಗಡಿಗೇ ಕರ್ಕೊಂಡ್ಬರ್ತೀನಿ."

ತಕ್ಷಣ ಸಣ್ಣ ದನಿಯಲ್ಲಿ, "ಹೆದರ್ಬೇಡಿ ಅಕ್ಕಾ. ಅದು ಪಿರಾನ್ಹಾ ಅಲ್ಲ, ಪಾಕು. ಮಾರ್ಕೆಟ್‌ನಲ್ಲಿ ರೂಪ್‌ಚಂದ್ ಅಂತ ತಿನ್ನೋಕೆ ಮಾರಲ್ವಾ, ಅದೇ. ಚಿಕ್ಕದಿದ್ದಾಗ ಎರಡೂ ಒಂದೇ ಥರ ಕಾಣತ್ತೆ. ಬಾಯಿ ತೆಗ್ಸಿ ನೋಡಿ. ಪಿರಾನ್ಹಾಗೆ ಗರಗಸದಂಥ ಚೂಪು ಹಲ್ಲು, ಕೆಳದವಡೆ ಮುಂದಕ್ಕೆ ಚಾಚಿರತ್ತೆ. ಇದಕ್ಕೆ ನಮ್ಮಂಗೇ ಚಪ್ಪಟೆ ಹಲ್ಲು" ಎಂದ.

ಮೋಸಗಾರನ ಮಾತು ನಂಬುವುದು ಹೇಗೆ? ಉಳಿದಿದ್ದ ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ತುಟಿ ಸರಿಸಿದೆವು. ದವಡೆ ಚಾಚಿರಲಿಲ್ಲ. ಒಳಗೆ ಚಪ್ಪಟೆ ಹಲ್ಲುಗಳು, ಥೇಟ್ ಮನುಷ್ಯರವೇ! ಅಬ್ಬಾ, ಹೋದ ಜೀವ ಬಂದಂತಾಯಿತು. ಇವರ ಮುಖ ಮಾತ್ರ ಹುಳ್ಳಗಾಯಿತು.

"ಆಫೀಸಿನವ್ರಿಗೆಲ್ಲ ಪಿರಾನ್ಹಾ ಅಂತ ಹೇಳಿದೀನಲ್ಲೇ..."

"ಸುಮ್ನಿರ್ರೀ! ಅವನು ಟೋಪಿ ಹಾಕಿದ್ದಕ್ಕೆ ದೇವರಿಗೆ ಕೈ ಮುಗೀರಿ."

ಬಕೆಟ್ಟಿನಲ್ಲಿ ಮೀನು ಒಯ್ದು ಅತ್ತೆಗೂ ತೋರಿಸಿದೆವು. ಬಗ್ಗಿ ನೋಡಿ, "ಅಯ್ಯೋ ಶಿವನೇ, ನಿಮ್ಮಾವನ ಹಲ್ಲಿದ್ದಂಗೈತೆ!" ಎಂದು ಅಳುತ್ತಲೇ ನಕ್ಕರು. ಆಮೇಲೆ ಆರಿ ತಣ್ಣಗಾಗಿದ್ದ ಕಡುಬನ್ನೆಲ್ಲ ತಿಂದರು.

ಮಾರನೆಯ ದಿನ ತಮಟೆ ಬಡಿಯುತ್ತ ಗಣೇಶ ಬಂದ. ಹುಡುಗರು ಇನ್ನೇನು ನೀರಿಗಿಳಿಯಬೇಕು, ಅತ್ತೆ ಎರಡೂ ಕೈ ಚಾಚಿ ಅಡ್ಡ ನಿಂತರು.

"ಇನ್ನೇನಮ್ಮಾ? ಹಲ್ಲು ನೋಡಿದ್ಯಲ್ಲ!" ಎಂದರು ಇವರು, ಮೆಲ್ಲಗೆ.

"ನೋಡಿವ್ನಿ. ಆದ್ರೂ ಇಳಿಯೋವು ಬ್ಯಾರೇರ ಮಕ್ಳು ಕಣಪ್ಪಾ" ಎಂದವರೇ ಸೆರಗು ಸಿಕ್ಕಿಸಿ, ಸೊಂಟಮಟ್ಟ ನೀರಿಗೆ ನಡೆದು ನಿಂತುಬಿಟ್ಟರು. ತಮಟೆ ನಿಂತಿತು. ಹಲ್ಲು ಕಣ್ಣಾರೆ ಕಂಡಿದ್ದ ನಾನೂ ಇವರ ತೋಳನ್ನು ಬಿಗಿಯಾಗಿ ಹಿಡಿದುಕೊಂಡೆ. ಬಹಳ ಹೊತ್ತಿನ ಮೇಲೆ ಅತ್ತೆ ದಡಕ್ಕೆ ಬಂದು, ಕಲ್ಲಿನ ಮೇಲೆ ಕೂತು, ಕಾಲ್ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು.

"ಹತ್ತೂ ಅವೆ" ಎಂದು ಕೂಗಿದರು. "ಇಳೀರ್ರೋ ಮಕ್ಳಾ!"